ರಾಕೆಟ್ ಬಿದ್ರೆ ಪಾಠ, ನಾವು ಬಿದ್ರೆ ಕೋಟಾ



ಸ್ವಲ್ಪ ಉದ್ದ ಇದೆ. ಪುರುಸೊತ್ತಿದ್ದಾಗ ಓದಿ, ಆದ್ರೆ ಪೂರ್ತಿ ಓದಿ. ಅರ್ಧ ಓದಿ ಬಯ್ಯೋರು ಈಗಾಗ್ಲೇ ಬೇಕಾದಷ್ಟು ಜನ ಇದ್ದಾರೆ.

ಮೊನ್ನೆ ನಮ್ಮ ಕಚೇರಿ ವಾಟ್ಸಾಪ್ ಗ್ರೂಪಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಎರಡು ಮೆಸೇಜ್ ಹಾಕಿದ್ರು. ಮೊದಲನೆಯದು ಒಂದು ಪೇಪರ್ ಕಟಿಂಗ್. ಸಂಶೋಧನೆಗೆ, ಹೊಸ ತಂತ್ರಜ್ಞಾನಕ್ಕೆ ಕೇಂದ್ರ ಸರ್ಕಾರ ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆ ಮಾಡಿದೆ ಅನ್ನೋ ಸುದ್ದಿ. ಎರಡನೆಯದು ನೀವೆಲ್ಲ ನೋಡಿರೋ ಹಳೇ ಫಾರ್ವರ್ಡ್: 'ಇಸ್ರೋದಲ್ಲಿ ಮೀಸಲಾತಿ ಇಲ್ಲ, ಅದಕ್ಕೇ ಚಂದ್ರನ ಮೇಲೆ ಇಳಿದ್ವಿ. ಮೀಸಲಾತಿ ಇರೋ ಕಡೆ ರಸ್ತೆ ಗುಂಡಿ ಮುಚ್ಚೋಕೂ ಆಗ್ತಿಲ್ಲ.' ಕೆಳಗೆ ಸಾಲಾಗಿ ಹೆಬ್ಬೆರಳು, ನಗು, ರಾಷ್ಟ್ರಧ್ವಜ.

ಆ ಗ್ರೂಪಿನಲ್ಲಿ ನಾವು ನಾಲ್ಕು ಜನ ಇದ್ದೀವಿ. ನಾಲ್ಕೂ ಜನ ಓದಿದ್ವಿ, ನಾಲ್ಕೂ ಜನ ಸುಮ್ಮನಿದ್ವಿ. ಮಧ್ಯಾಹ್ನ ಊಟದ ಹೊತ್ತಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ ಅಷ್ಟೆ. ಅಲ್ಲಿ ಹೇಳದ್ದನ್ನ ಇಲ್ಲಿ ಹೇಳ್ತಿದ್ದೀನಿ.

ಮೊದಲೇ ಒಂದು ಮಾತು. ನಾನು ಇಸ್ರೋ ವಿರೋಧಿ ಅಲ್ಲ. 'ಬಡವರಿಗೆ ಅನ್ನ ಇಲ್ಲ, ರಾಕೆಟ್ ಯಾಕೆ' ಅಂತ ಕೇಳೋ ಜಾತಿಯವನೂ ಅಲ್ಲ. ಚಂದ್ರಯಾನ-3 ಇಳಿದ ದಿನ, 2023ರ ಆಗಸ್ಟ್ 23ರ ಸಂಜೆ, ನಾನೂ ಟಿವಿ ಮುಂದೆ ಉಗುರು ಕಚ್ಚುತ್ತಾ ಕೂತಿದ್ದೆ. ಇಳಿದಾಗ ಚಪ್ಪಾಳೆ ಹೊಡೆದೆ. ರಾಕೆಟ್ಟು ನಮ್ಮ ತೆರಿಗೆ ದುಡ್ಡಲ್ಲೂ ಹಾರ್ತದೆ, ಆಕಾಶ ನಮ್ಮದೂ ಹೌದು. ಅದಕ್ಕೇ ಈ ಜಗಳ.

ಈಗ ಆ ಪೇಪರ್ ಕಟಿಂಗಿಗೆ ಬರೋಣ. 2025ರ ಜುಲೈ 1ರಂದು ಕೇಂದ್ರ ಸಂಪುಟ ಒಪ್ಪಿದ ಯೋಜನೆ ಅದು. ಕ್ವಾಂಟಮ್ ಕಂಪ್ಯೂಟರ್, ರೋಬೋಟಿಕ್ಸ್, ಬಾಹ್ಯಾಕಾಶ, ಜೈವಿಕ ತಂತ್ರಜ್ಞಾನ ಹೀಗೆ ಹಲವು ಕ್ಷೇತ್ರ ಸೇರಿವೆ. ಕಡಿಮೆ ಬಡ್ಡಿಗೆ ಅಥವಾ ಬಡ್ಡಿಯೇ ಇಲ್ಲದೆ, ದೀರ್ಘ ಅವಧಿಗೆ ಖಾಸಗಿಯವರಿಗೆ ದುಡ್ಡು. ಯಾಕಪ್ಪಾ ಅಂದ್ರೆ ಇಂಥ ಕೆಲಸದಲ್ಲಿ ಅಪಾಯ ಜಾಸ್ತಿ, ಕಂಪನಿಗಳು ತಾವಾಗೇ ಕೈ ಹಾಕಲ್ಲ, ಅದಕ್ಕೆ ಸರ್ಕಾರ ಭುಜ ಕೊಡಬೇಕು. ಅದಕ್ಕೂ ಮುಂಚೆ, 2024ರ ಅಕ್ಟೋಬರಿನಲ್ಲಿ, ಬರೀ ಬಾಹ್ಯಾಕಾಶದ ಸ್ಟಾರ್ಟಪ್‌ಗಳಿಗೇ ಅಂತ 1,000 ಕೋಟಿಯ ವೆಂಚರ್ ಫಂಡಿಗೆ ಒಪ್ಪಿಗೆ ಸಿಕ್ಕಿತ್ತು.

ತಪ್ಪಾ? ಅಲ್ಲ. ಹೊಸದು ಹುಟ್ಟೋದೇ ಹಾಗೆ. 2016ರ ಆಗಸ್ಟ್ 28ರಂದು ಇಸ್ರೋ ಸ್ಕ್ರಾಮ್‌ಜೆಟ್ ಎಂಜಿನ್ ಪರೀಕ್ಷೆ ಮಾಡ್ತು. ಮಾಮೂಲಿ ರಾಕೆಟ್ಟು ಇಂಧನ ಉರಿಸೋಕೆ ಬೇಕಾದ ಆಮ್ಲಜನಕವನ್ನೂ ಹೊಟ್ಟೆಯಲ್ಲೇ ಹೊತ್ಕೊಂಡು ಹೋಗಬೇಕು, ಅದರ ಭಾರವೇ ಭಾರ. ಈ ಎಂಜಿನ್ನು ಹೋಗ್ತಾ ಹೋಗ್ತಾ ಗಾಳಿಯಿಂದಲೇ ಆಮ್ಲಜನಕ ಎಳ್ಕೊಳ್ತದೆ. ಶಬ್ದಕ್ಕಿಂತ ಆರು ಪಟ್ಟು ವೇಗದಲ್ಲಿ ಬೆಂಕಿ ಆರದ ಹಾಗೆ ನೋಡ್ಕೋಬೇಕು, ಬಿರುಗಾಳಿಯಲ್ಲಿ ಬೆಂಕಿಕಡ್ಡಿ ಹಿಡಿದ ಹಾಗೆ. ಎಷ್ಟು ಹೊತ್ತು ಉರೀತು ಗೊತ್ತಾ? ಐದು ಸೆಕೆಂಡ್. ಐದು ಸೆಕೆಂಡಿಗೆ ದೇಶ ಚಪ್ಪಾಳೆ ಹೊಡೀತು. ಸರಿಯಾಗೇ ಹೊಡೀತು.

ಈ ವಿಷಯವೆಲ್ಲ ನನಗೆ ಗೊತ್ತಾದದ್ದು ನಮ್ಮಕ್ಕನ ಮಗನಿಂದ. ನಾನು ಬಿಎ, ಇತಿಹಾಸ ಓದಿದವನು, ಎಂಜಿನ್ ಅಂದ್ರೆ ಕೆಎಸ್‌ಆರ್‌ಟಿಸಿ ಬಸ್ಸಿಂದೇ ನನಗೆ ಗೊತ್ತಿರೋದು. ಅವನ ವಿಷಯ ಆಮೇಲೆ ಹೇಳ್ತೀನಿ.

ಇಸ್ರೋದ ಸೋಲುಗಳನ್ನ ಒಂದ್ಸಲ ನೋಡಿ. 1979ರ ಆಗಸ್ಟ್ 10, ಮೊದಲ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತವರು ಅಧ್ಯಕ್ಷರಾಗಿದ್ದ ಸತೀಶ್ ಧವನ್. ಮುಂದಿನ ವರ್ಷ ಜುಲೈ 18ಕ್ಕೆ ಗೆದ್ದಾಗ ಅದೇ ಧವನ್, ಈಗ ನೀನೇ ಹೋಗಿ ಮಾತಾಡು ಅಂತ ಕಲಾಮರನ್ನ ಮುಂದೆ ಬಿಟ್ರು. ಕಲಾಮರೇ ಇದನ್ನ ಎಷ್ಟೋ ಕಡೆ ಹೇಳ್ಕೊಂಡಿದ್ದಾರೆ. ಎಎಸ್‌ಎಲ್‌ವಿ 1987ರಲ್ಲಿ ಬಿತ್ತು, 1988ರಲ್ಲಿ ಮತ್ತೆ ಬಿತ್ತು. ಇವತ್ತು ನಾವು ಹೆಮ್ಮೆ ಪಡೋ ಪಿಎಸ್‌ಎಲ್‌ವಿಯ ಮೊದಲ ಹಾರಾಟ, 1993ರ ಸೆಪ್ಟೆಂಬರ್, ಅದೂ ಸೋಲು. ಎಸ್‌ಎಸ್‌ಎಲ್‌ವಿ 2022ರಲ್ಲಿ ಸೋತು 2023ರಲ್ಲಿ ಗೆದ್ದಿತು.

ಎಲ್ಲಕ್ಕಿಂತ ದೊಡ್ಡ ಕಥೆ ಕ್ರಯೋಜೆನಿಕ್ ಎಂಜಿನ್ನಿಂದು. ಹೈಡ್ರೋಜನ್ನನ್ನ ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣ್ಣಗೆ ಮಾಡಿ, ದ್ರವ ಮಾಡಿ, ಅದನ್ನೇ ಉರಿಸೋದು. ಪಕ್ಕದಲ್ಲೇ ಸಾವಿರಾರು ಡಿಗ್ರಿ ಬೆಂಕಿ. ಸ್ವಂತದ್ದು ಮಾಡ್ತೀವಿ ಅಂತ 1994ರಲ್ಲಿ ಹೊರಟಿದ್ದು. 2010ರ ಏಪ್ರಿಲ್ 15ಕ್ಕೆ ಹಾರಿಸಿದ್ರೆ ಸಮುದ್ರ ಸೇರ್ತು. ಗೆದ್ದಿದ್ದು 2014ರ ಜನವರಿ 5ಕ್ಕೆ. ಇಪ್ಪತ್ತು ವರ್ಷ! ಒಂದು ಎಂಜಿನ್ನಿಗೆ ಇಪ್ಪತ್ತು ವರ್ಷ ಕಾದಿದೆ ಈ ದೇಶ. 'ಇನ್ನೂ ಎಷ್ಟು ವರ್ಷ ಬೇಕು ಸ್ವಾಮಿ ಈ ಎಂಜಿನ್ನಿಗೆ, ಇಷ್ಟು ವರ್ಷ ಕೊಟ್ಟಿದ್ದು ಸಾಕಾಗಿಲ್ವಾ' ಅಂತ ಯಾರಾದ್ರೂ ಫಾರ್ವರ್ಡ್ ಮಾಡಿದ್ರಾ? ಎರಡು ಸಾವಿರ ವರ್ಷ ಅಕ್ಷರ ಮುಟ್ಟೋಕೆ ಬಿಡದ ಜನಕ್ಕೆ ಮಾತ್ರ ಎಪ್ಪತ್ತೈದು ವರ್ಷಕ್ಕೇ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೀರಿ.

ರಾಕೆಟ್ ಬಿದ್ರೆ ಏನಾಗ್ತದೆ? ವೈಫಲ್ಯ ವಿಶ್ಲೇಷಣಾ ಸಮಿತಿ ಕೂರ್ತದೆ. ಯಾವ ವಾಲ್ವ್, ಯಾವ ಸೆನ್ಸರ್, ಎಷ್ಟನೇ ಸೆಕೆಂಡ್, ಎಲ್ಲ ಹುಡುಕ್ತಾರೆ. ಸರಿ ಮಾಡ್ತಾರೆ. ಮತ್ತೆ ದುಡ್ಡು, ಮತ್ತೆ ಹಾರಾಟ. ಆ ವಾಲ್ವಿನ ಜಾತಿ ಯಾವುದು ಅಂತ ಯಾರೂ ಕೇಳಲ್ಲ.

ಈಗ ನನ್ನ ಕಥೆ ಕೇಳಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಬಿಲ್ಲಿನಲ್ಲಿ 6,430 ಬರೆಯೋ ಕಡೆ 4,630 ಅಂತ ಬರೆದೆ. ಅಂಕಿ ಹಿಂದುಮುಂದಾಗಿತ್ತು, ಅಷ್ಟೆ. ಬಿಲ್ಲು ವಾಪಸ್ ಬಂತು. ಅವತ್ತಿನ ಸೂಪರಿಂಟೆಂಡೆಂಟ್ ಇಡೀ ಸೆಕ್ಷನ್ ಕೇಳೋ ಹಾಗೆ ಅಂದ್ರು: 'ಕೋಟಾದಲ್ಲಿ ಬಂದೋರ ಹಣೆಬರಹ ಇಷ್ಟೇ ಕಣ್ರೀ.' ಜೊತೆಗೆ ಒಂದು ಮೆಮೊ. ಅದೇ ತಿಂಗಳು ಪಕ್ಕದ ಟೇಬಲ್ಲಿನವರು ಒಂದು ಪೂರ್ತಿ ಕಡತವನ್ನೇ ಕಳೆದರು. ಹದಿನೈದು ದಿನ ಹುಡುಕಿದ ಮೇಲೆ ಬೀರು ಹಿಂದೆ ಸಿಕ್ತು. ಎಲ್ಲರೂ ನಕ್ಕರು, ಅವರು ಟೀ ಕೊಡಿಸಿದ್ರು, ಮುಗೀತು. ನನ್ನ ಮೆಮೊ ಇವತ್ತಿಗೂ ನನ್ನ ಹತ್ರ ಇದೆ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ.

ಅವರ ತಪ್ಪು ಅವರೊಬ್ಬರ ತಪ್ಪು. ನನ್ನ ತಪ್ಪು ನಮ್ಮ ಹಟ್ಟಿಯ, ನಮ್ಮಪ್ಪನ, ಬಾಬಾಸಾಹೇಬರ ತಪ್ಪು. ನಮಗೆ ತಪ್ಪು ಮಾಡೋ ಬಜೆಟ್ಟೇ ಇಲ್ಲ.

ಈಗ ಆ ಫಾರ್ವರ್ಡಿಗೆ ಉತ್ತರ. 'ಇಸ್ರೋದಲ್ಲಿ ಮೀಸಲಾತಿ ಇಲ್ಲ' ಅನ್ನೋದು ಅರ್ಧ ಸುಳ್ಳು. ಸಹಾಯಕರು, ಟೆಕ್ನಿಷಿಯನ್‌ಗಳು ಇಂಥ ಹುದ್ದೆಗಳ ಜಾಹೀರಾತು ತೆಗೆದು ನೋಡಿ, ಎಸ್‌ಸಿ, ಎಸ್‌ಟಿ, ಒಬಿಸಿ ಅಂತ ಕಾಲಂ ಇರ್ತದೆ. ಚಂದ್ರಯಾನದ ಹಿಂದೆ ಆ ಕೈಗಳೂ ಇವೆ. ಉಳಿದ ಅರ್ಧ ನಿಜ, ಆ ನಿಜವೇ ನಮಗೆ ನೋವು. ಗ್ರೂಪ್ ಎ ಯ ಕೆಳಗಿನ ಮೆಟ್ಟಿಲು ದಾಟಿದ ಮೇಲೆ ವೈಜ್ಞಾನಿಕ ಸಂಶೋಧನೆಯ ಹುದ್ದೆಗಳನ್ನ ಮೀಸಲಾತಿಯಿಂದ ಹೊರಗಿಡೋಕೆ ಕೇಂದ್ರದ ನಿಯಮದಲ್ಲೇ ದಾರಿ ಇದೆ. ರೋಸ್ಟರ್ ರಿಜಿಸ್ಟರ್ ಹಿಡಿದು ಕೂತಿರೋ ಗುಮಾಸ್ತ ನಾನು, ಇಂಥ ಕಿಂಡಿಗಳು ಕಣ್ಣಿಗೆ ಬೇಗ ಬೀಳ್ತವೆ.

ಇನ್ನೊಂದು ಇದೆ. 1992ರ ನವೆಂಬರ್ 16ರ ಇಂದ್ರಾ ಸಾಹ್ನಿ ತೀರ್ಪು, ಅದೇ ಮಂಡಲ್ ತೀರ್ಪು. ಹಿಂದುಳಿದವರ ಮೀಸಲಾತಿಯನ್ನ ಎತ್ತಿಹಿಡಿದ ದೊಡ್ಡ ತೀರ್ಪು, ಅದರ ಋಣ ಇದೆ. ಆದರೆ ಅದೇ ತೀರ್ಪಿನ ಒಳಗೆ, ಕೆಲವು ಹುದ್ದೆಗಳಿಗೆ ಮೀಸಲಾತಿ ಸೂಕ್ತ ಅಲ್ಲ, ಅಲ್ಲಿ ಮೆರಿಟ್ ಒಂದೇ ಲೆಕ್ಕ ಅಂತ ಒಂದು ಪಟ್ಟಿ ಬರ್ತದೆ. ಪೈಲಟ್‌ಗಳು ಇದ್ದಾರೆ, ಪ್ರೊಫೆಸರ್‌ಗಳು ಇದ್ದಾರೆ, ಅಣುಶಕ್ತಿ ಮತ್ತು ಬಾಹ್ಯಾಕಾಶ ಸೇರಿದಂತೆ ಸಂಶೋಧನಾ ಸಂಸ್ಥೆಗಳ ತಾಂತ್ರಿಕ ಹುದ್ದೆಗಳು ಇವೆ.

ಸ್ವಲ್ಪ ನಿಂತು ಯೋಚಿಸಿ. ರಿಸ್ಕ್ ತಗೊಳ್ಳೋದನ್ನೇ ಕಸುಬು ಮಾಡಿಕೊಂಡ ಜಾಗ ಅದು. ಎಂಜಿನ್ ಸಿಡಿಯಬಹುದು, ಪರವಾಗಿಲ್ಲ. ನೂರಾರು ಕೋಟಿ ಸಮುದ್ರ ಸೇರಬಹುದು, ಪರವಾಗಿಲ್ಲ. ಹೊಲೆಯರ ಹುಡುಗಿ, ಮಾದಿಗರ ಹುಡುಗ ಮೇಲಿನ ಕುರ್ಚಿಗೆ ಬರೋದು ಮಾತ್ರ ತಡೆಯಲಾಗದ ರಿಸ್ಕು!

ಮೆರಿಟ್ ಅಂತೀರಲ್ಲ, ಚಂದ್ರಯಾನ-3 ಹೇಗೆ ಗೆದ್ದಿತು ಅಂತ ಇಸ್ರೋದವರನ್ನೇ ಕೇಳಿ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಚಂದ್ರಯಾನ-2ರ ವಿಕ್ರಮ್ ಬಿತ್ತು. ಅಧ್ಯಕ್ಷರು ಅತ್ತರು, ಪ್ರಧಾನಿ ತಬ್ಬಿಕೊಂಡ್ರು. ಆಮೇಲೆ ಅಧ್ಯಕ್ಷರಾದ ಸೋಮನಾಥ್ ಒಂದು ಮಾತು ಹೇಳಿದ್ರು. ಹಿಂದಿನದನ್ನ ಎಲ್ಲವೂ ಸರಿಯಾಗಿ ನಡೆಯುತ್ತೆ ಅಂದುಕೊಂಡು ಮಾಡಿದ್ವಿ, ಈ ಸಲ ಏನೇನು ಕೆಡಬಹುದು ಅಂತ ಮೊದಲೇ ಲೆಕ್ಕ ಹಾಕಿ, ಕೆಟ್ಟರೂ ಇಳಿಯೋ ಹಾಗೆ ಮಾಡಿದ್ದೀವಿ ಅಂತ ಆ ಮಾತಿನ ಸಾರ. ಏನು ಮಾಡಿದ್ರು? ಮೊದಲು ಇಳಿಯೋಕೆ ಗುರುತು ಮಾಡಿದ ಜಾಗ 500 ಮೀಟರ್‌ಗೆ 500 ಮೀಟರ್ ಇತ್ತು. ಅದನ್ನ 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿದ್ರು. ಇಂಧನ ಜಾಸ್ತಿ ಕೊಟ್ಟರು. ಕಾಲು ಗಟ್ಟಿ ಮಾಡಿದ್ರು.

ಇಳಿಯೋ ಜಾಗ ದೊಡ್ಡದು ಮಾಡಿದ್ದು. ದಾರಿಗೆ ಬುತ್ತಿ ಜಾಸ್ತಿ ಕೊಟ್ಟಿದ್ದು. ಬಿದ್ದರೆ ಮುರಿಯದ ಹಾಗೆ ಕಾಲು ಗಟ್ಟಿ ಮಾಡಿದ್ದು. ಅಯ್ಯಾ, ಮೀಸಲಾತಿ ಅಂದ್ರೆ ಇದೇ ಅಲ್ವೇನ್ರಯ್ಯಾ? ಫ್ರೀಶಿಪ್, ಹಾಸ್ಟೆಲ್, ಸ್ಕಾಲರ್‌ಶಿಪ್ ಅಂದ್ರೆ ಇದೇ ಅಲ್ವಾ? ವಿಕ್ರಮ್ ಲ್ಯಾಂಡರಿಗೆ ಕಟಾಫ್ ಇಳಿಸಿದ್ರು ಅಂತ ಯಾರಾದ್ರೂ ಕಣ್ಣೀರು ಹಾಕಿದ್ರಾ?

ಈಗ ನೆಲದ ವಿಷಯ. ನಾನು ಚಳ್ಳಕೆರೆ ಕಡೆಯವನು. ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲು ಗೊತ್ತಿರಬೇಕು ನಿಮಗೆ. ಹುಲ್ಲುಗಾವಲು. ಕಂಬಳಿ ನೇಯೋರ ಕುರಿ, ಹಟ್ಟಿಯವರ ಮೇಕೆ, ಎಲ್ಲಾ ಮೇಯ್ತಿದ್ದ ಜಾಗ. ಪಹಣಿ ಇಲ್ಲದ ಜನಕ್ಕೆ ಕಾವಲೇ ಜಮೀನು. 2010ರ ಆಸುಪಾಸಿನಲ್ಲಿ ಡಿಆರ್‌ಡಿಒಗೆ 4,290 ಎಕರೆ, ಬಾರ್ಕ್‌ಗೆ 1,810, ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಕೊಟ್ರು. ಗೋಡೆ ಎದ್ದಿತು. ಗೋಡೆ ಏಳ್ತಾ ಇದ್ದಾಗ ನಮ್ಮ ಕಡೆ ಎಷ್ಟೋ ಜನಕ್ಕೆ ಅದು ಯಾರದ್ದು ಅಂತಲೂ ಗೊತ್ತಿರಲಿಲ್ಲ. ಕುರಿ ವಾಪಸ್ ಬಂದಾಗ ಗೊತ್ತಾಯ್ತು. ಹಸಿರು ನ್ಯಾಯಮಂಡಳಿವರೆಗೂ ಕೇಸು ಹೋಯ್ತು. ಅದೊಂದು ಬೇರೆ ಪುರಾಣ, ಇನ್ನೊಂದು ದಿನ ಬರೀತೀನಿ.

ಆ ಗೋಡೆಯೊಳಗೆ, ಡಿಆರ್‌ಡಿಒ ರನ್‌ವೇ ಮೇಲೆ, ಇಸ್ರೋ ತನ್ನ ಮರುಬಳಕೆಯ ವಾಹನವನ್ನ ಮೂರು ಸಲ ಇಳಿಸಿ ನೋಡ್ತು. ಮೊದಲನೆಯದು 2023ರ ಏಪ್ರಿಲ್ 2. ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಮೇಲೆ ಒಯ್ದು ಬಿಟ್ಟಿತು, ರೆಕ್ಕೆಯ ರಾಕೆಟ್ಟು ಪೈಲಟ್ ಇಲ್ಲದೆ ತಾನೇ ಇಳೀತು. ಒಂದೇ ವಾಹನವನ್ನ ಮತ್ತೆ ಮತ್ತೆ ಹಾರಿಸಿದ್ರೆ ಖರ್ಚು ಕಡಿಮೆ ಅನ್ನೋದು ಲೆಕ್ಕ. ಆಮೇಲೆ ಅದಕ್ಕೆ 'ಪುಷ್ಪಕ' ಅಂತ ಹೆಸರಿಟ್ರು. (ಹೆಸರಿಡೋದ್ರಲ್ಲಿ ಮಾತ್ರ ಇವರು ಯಾವ ರಿಸ್ಕೂ ತಗೊಳ್ಳಲ್ಲ.) 2024ರ ಜೂನ್ 23ರ ಮೂರನೇ ಪರೀಕ್ಷೆ ಬಲು ಚೆನ್ನಾಗಿದೆ. ಬೇಕಂತಲೇ ರನ್‌ವೇ ಗೆರೆಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು, ಗಾಳಿ ಬೇರೆ ಜೋರು. ಅದು ತಾನೇ ತಿರುಗಿಕೊಂಡು, ಗೆರೆ ಹಿಡಿದು, ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿತು. ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗ ಇಳೀತು.

ನಮ್ಮನ್ನೂ ಬೇಕಂತಲೇ ಗೆರೆಯಿಂದ ಆಚೆ ಬಿಟ್ಟಿದ್ದಾರೆ. ಊರಾಚೆ. ಪ್ಯಾರಾಚೂಟ್ ಕೇಳಿದ್ರೆ ಮೆರಿಟ್ ಎಲ್ಲಿ ಅಂತಾರೆ.

ಈಗ ಗುಂಡಿಯ ವಿಷಯ. ರಸ್ತೆ ಗುಂಡಿ ಅಲ್ಲ.

ಗಗನಯಾನ ಅಂತ ಯೋಜನೆ ಇದೆ, ಈಗಿನ ಲೆಕ್ಕದಲ್ಲಿ 20,193 ಕೋಟಿ. ಮನುಷ್ಯರನ್ನ ಮೇಲೆ ಕಳಿಸೋ ಮೊದಲು 'ವ್ಯೋಮಮಿತ್ರ' ಅನ್ನೋ ರೋಬೋಟ್ ಹೆಣ್ಣನ್ನ ಕಳಿಸಿ ನೋಡಬೇಕು ಅನ್ನೋದು ತೀರ್ಮಾನ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಆಕೆಯನ್ನ ಜನಕ್ಕೆ ತೋರಿಸಿದ್ರು. ಒಳಗಿನ ಗಾಳಿ ಉಸಿರಾಡೋ ಹಾಗಿದೆಯಾ, ಒತ್ತಡ ಸರಿ ಇದೆಯಾ ಅಂತ ಮೊದಲು ಯಂತ್ರ ನೋಡಬೇಕು, ಆಮೇಲೆ ಮನುಷ್ಯ. 2023ರ ಅಕ್ಟೋಬರ್ 21ರಂದು, ಅಪಾಯ ಬಂದ್ರೆ ಯಾತ್ರಿಗಳನ್ನ ರಾಕೆಟ್ಟಿನಿಂದ ಕಿತ್ತು ದೂರ ಎಸೆಯೋ ವ್ಯವಸ್ಥೆಯ ಪರೀಕ್ಷೆ ನಡೀತು. ಹಾರೋಕೆ ಐದು ಸೆಕೆಂಡ್ ಇರುವಾಗ ಏನೋ ಸರಿ ಇಲ್ಲ ಅಂತ ಕಂಪ್ಯೂಟರೇ ನಿಲ್ಲಿಸಿಬಿಡ್ತು. ಸರಿ ಮಾಡಿ ಹತ್ತು ಗಂಟೆಗೆ ಹಾರಿಸಿದ್ರು. ನೆನಪಿರಲಿ, ಒಳಗೆ ಮನುಷ್ಯರೇ ಇರಲಿಲ್ಲ. ಖಾಲಿ ಡಬ್ಬಿಗೆ ಅಷ್ಟು ಜಾಗ್ರತೆ!

ಮ್ಯಾನ್‌ಹೋಲಿನಲ್ಲಿ? ಗಾಳಿ ಹೇಗಿದೆ ಅಂತ ನೋಡೋ ಯಂತ್ರ ನಮ್ಮ ಅಣ್ಣತಮ್ಮಂದಿರ ಮೂಗು. 2019ರಿಂದ 2023ರವರೆಗೆ ಚರಂಡಿ, ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡ್ತಾ ಸತ್ತವರು 377 ಜನ ಅಂತ ಸರ್ಕಾರವೇ ಸಂಸತ್ತಿನಲ್ಲಿ ಲೆಕ್ಕ ಕೊಟ್ಟಿದೆ. ಲೆಕ್ಕಕ್ಕೆ ಸಿಕ್ಕವರು ಅಷ್ಟು. 2013ರಲ್ಲೇ ಕಾನೂನು ಬಂದಿದೆ. ಸುಪ್ರೀಂ ಕೋರ್ಟು 2014ರಲ್ಲಿ ಹತ್ತು ಲಕ್ಷ ಪರಿಹಾರ ಅಂತು, 2023ರಲ್ಲಿ ಮೂವತ್ತು ಲಕ್ಷ ಅಂತು. ಸತ್ತ ಮೇಲಿನ ರೇಟು ಏರ್ತಾ ಇದೆ.

'ಯಂತ್ರ ಕಂಡುಹಿಡಿಯಬೇಕಲ್ಲ' ಅಂತೀರಾ? ಕಂಡುಹಿಡಿದಾಗಿದೆ. ಕೇರಳದ ಹುಡುಗರ ಕಂಪನಿ ಜೆನ್‌ರೋಬೋಟಿಕ್ಸ್ ಮಾಡಿದ 'ಬ್ಯಾಂಡಿಕೂಟ್' ಅನ್ನೋ ಮ್ಯಾನ್‌ಹೋಲ್ ರೋಬೋಟು 2018ರಲ್ಲೇ ತಿರುವನಂತಪುರದಲ್ಲಿ ಕೆಲಸ ಶುರು ಮಾಡ್ತು. ಅದು ಹೈ-ರಿಸ್ಕ್ ತಂತ್ರಜ್ಞಾನ ಅಲ್ಲ, ಆಗಲೇ ದುಡೀತಿರೋ ಯಂತ್ರ. ಆದರೂ ಎಷ್ಟು ಪಟ್ಟಣಗಳಲ್ಲಿ ಇನ್ನೂ ಹಗ್ಗ, ಬಕೆಟ್ಟು, ಮನುಷ್ಯ! ಸ್ವಚ್ಛತಾ ಕಾರ್ಮಿಕರಿಗೆ ಅಂತ ಕೇಂದ್ರ ತಂದ ನಮಸ್ತೆ ಯೋಜನೆಗೆ ಇಡೀ ದೇಶಕ್ಕೆ, ಮೂರು ವರ್ಷಕ್ಕೆ ಇಟ್ಟಿದ್ದು 349.70 ಕೋಟಿ. ಇನ್ನೂ ಹುಟ್ಟದ ಯಂತ್ರಕ್ಕೆ ಲಕ್ಷ ಕೋಟಿ ಸಾಲ, ಹುಟ್ಟಿ ಓಡಾಡ್ತಿರೋ ಯಂತ್ರಕ್ಕೆ ಟೆಂಡರ್ ಕರೆಯೋಕೆ ದುಡ್ಡಿಲ್ಲ. ಇದನ್ನ ತಂತ್ರಜ್ಞಾನದ ಕೊರತೆ ಅನ್ನಬೇಡಿ, ದಯವಿಟ್ಟು.

ನಮ್ಮದೇ ಕೋಲಾರ ನೋಡಿ. 1965ರಲ್ಲಿ ಕೆಜಿಎಫ್ ಚಿನ್ನದ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ವಿಜ್ಞಾನಿಗಳು ನ್ಯೂಟ್ರಿನೊ ಅನ್ನೋ ಕಣದ ಗುರುತು ಹಿಡಿದರು. ಬಾಹ್ಯಾಕಾಶದ ಕಿರಣ ನಮ್ಮ ಗಾಳಿಗೆ ಬಡಿದಾಗ ಹುಟ್ಟೋ, ಇಡೀ ಭೂಮಿಯನ್ನೇ ತೂರಿಕೊಂಡು ಹೋಗೋ ಕಣ. ಜಗತ್ತೇ ಬೆರಗಾದ ಕೆಲಸ. ಅದೇ ಊರಿನಲ್ಲಿ ಬೆಜವಾಡ ವಿಲ್ಸನ್ ಅವರ ಅಪ್ಪ ಒಣ ಪಾಯಿಖಾನೆ ಬಳೀತಿದ್ರು. ಕಣ್ಣಿಗೆ ಕಾಣದ ಕಣ ಕಾಣ್ತು, ಬಕೆಟ್ ಹೊತ್ತ ಮನುಷ್ಯ ಕಾಣಲಿಲ್ಲ. ವಿಲ್ಸನ್ ಅದನ್ನ ಕಾಣಿಸೋಕೆ ಒಂದು ಜೀವಮಾನ ಸವೆಸಿದ್ರು, 2016ರಲ್ಲಿ ಮ್ಯಾಗ್ಸೆಸೆ ಬಂತು.

ಅದೇ 2016ರ ಜನವರಿ 17ಕ್ಕೆ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದ. ಕಾರ್ಲ್ ಸೇಗನ್ ಥರ ವಿಜ್ಞಾನ ಬರೆಯೋನಾಗಬೇಕು ಅಂದುಕೊಂಡಿದ್ದ ಹುಡುಗ. ನಮ್ಮವರಿಗೆ ನಕ್ಷತ್ರ ಬೇಡ ಅಂತ ಯಾರು ಹೇಳಿದ್ದು?

ಹಾಗಾದ್ರೆ ಏನು ಬೇಕು ಅಂತ ಕೇಳ್ತೀರಿ. ಬಾಹ್ಯಾಕಾಶ ಇಲಾಖೆ ದರ್ಜೆವಾರು, ಜಾತಿವಾರು ಎಷ್ಟು ಜನ ಇದ್ದಾರೆ ಅಂತ ವೆಬ್‌ಸೈಟಿನಲ್ಲಿ ಹಾಕಲಿ, ಮುಚ್ಚಿಡೋ ರಕ್ಷಣಾ ರಹಸ್ಯ ಏನಿಲ್ಲ ಅದರಲ್ಲಿ. ಆ ವಿನಾಯಿತಿಯ ನಿಯಮ ತೆಗೀಲಿ. ಲಕ್ಷ ಕೋಟಿಯಲ್ಲಿ, ಆ ಸಾವಿರ ಕೋಟಿಯಲ್ಲಿ, ನಮ್ಮ ಹುಡುಗರ ಕಂಪನಿಗಳಿಗೆ ಪಾಲು ಇರಲಿ. ಎಸ್‌ಸಿಯವರಿಗೆ ಬೇರೆ ವೆಂಚರ್ ಫಂಡ್ ಇದೆಯಲ್ಲ ಅನ್ನಬೇಡಿ, ಇದೆ, 2014-15ರಿಂದ ಇದೆ. ಅದು ಇದೆ ಅಂತ ದೊಡ್ಡ ಮನೆಯ ಬಾಗಿಲು ಹಾಕೋ ಹಾಗಿಲ್ಲ. ಹಟ್ಟಿಗೆ ಬೇರೆ ಬಾವಿ ತೋಡಿಸಿಕೊಟ್ಟು ಊರ ಬಾವಿಗೆ ಬರಬೇಡ ಅಂದವರು ನೀವು, ಆ ಲೆಕ್ಕ ನಮಗೆ ಗೊತ್ತು. ಮತ್ತೆ, ಒಬ್ಬ ಮನುಷ್ಯ ಮ್ಯಾನ್‌ಹೋಲಿನಲ್ಲಿ ಸತ್ತರೆ ರಾಕೆಟ್ ಬಿದ್ದಾಗ ಕೂರೋ ಹಾಗೇ ಒಂದು ಸಮಿತಿ ಕೂರಲಿ. ಎಷ್ಟನೇ ನಿಮಿಷ, ಯಾವ ಗ್ಯಾಸು, ಯಾರು ಇಳಿಸಿದ್ರು, ಯಾವ ಸಾಹೇಬರ ಸಹಿ. ವರದಿ ಬರೋವರೆಗೆ ಆ ಊರಲ್ಲಿ ಇನ್ನೊಂದು ಮುಚ್ಚಳ ತೆಗೆಯಬಾರದು.

ನಮ್ಮಕ್ಕನ ಮಗನ ವಿಷಯ ಹೇಳ್ತೀನಿ ಅಂದಿದ್ದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ್ದ. ನಮ್ಮ ಮನೆತನದಲ್ಲೇ ಮೊದಲನೆಯವನು. ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿ ಹೋಗಿದ್ದ, ಗಣಿತದಲ್ಲಿ ಎರಡು ಪೇಪರ್ ಉಳೀತು. ಕ್ಲಾಸಿನಲ್ಲಿ ಇವನ ಜೊತೆ ಫೇಲಾದವರು ಟ್ಯೂಷನ್ನಿಗೆ ಹೋದ್ರು, ಪಾಸಾದ್ರು. ಇವನಿಗೆ 'ಹೆಂಗೋ ಸೀಟು ಸಿಕ್ಕಿದೆ ನಿಂಗೆ' ಅನ್ನೋ ಮಾತು ಸಿಕ್ತು. ಭಾವ ಎರಡು ಮೇಕೆ ಮಾರಿ ಒಂದು ವರ್ಷ ತಳ್ಳಿದ್ರು, ಮುಂದಿನ ವರ್ಷಕ್ಕೆ ಮೇಕೆ ಇರಲಿಲ್ಲ. ಕಾವಲೂ ಇರಲಿಲ್ಲ. ಈಗ ಚಿತ್ರದುರ್ಗದಲ್ಲಿ ಒಂದು ಬೈಕ್ ಶೋರೂಮಿನಲ್ಲಿ ಸರ್ವಿಸ್ ಮಾಡ್ತಾನೆ.

ಪುಷ್ಪಕ ಇಳಿಯೋ ವಿಡಿಯೋ ಅವನ ಫೋನಿನಲ್ಲಿದೆ. ಯಾವ ಕ್ಷಣಕ್ಕೆ ತಿರುಗಿತು, ಯಾಕೆ ಮೂಗು ಎತ್ತಿತು, ಪ್ಯಾರಾಚೂಟ್ ಯಾಕೆ ಅಷ್ಟು ತಡವಾಗಿ ಬಿಚ್ಚಿತು, ಎಲ್ಲಾ ಹೇಳ್ತಾನೆ. ಎಣ್ಣೆ ಮೆತ್ತಿದ ಬೆರಳಲ್ಲಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ ತೋರಿಸ್ತಾನೆ. ಹೋದ ಭಾನುವಾರ ಊರಿಗೆ ಹೋದಾಗ ಕೇಳಿದ: 'ಮಾವ, ಆ ಎರಡು ಪೇಪರ್ ಈಗ ಕಟ್ಟೋಕೆ ಬಿಡ್ತಾರಾ?'

ಗೊತ್ತಿಲ್ಲ ಕಣೋ, ವಿಚಾರಿಸ್ತೀನಿ ಅಂದೆ. ಸೋಮವಾರ ಅರ್ಧ ದಿನ ರಜೆ ಹಾಕಿದ್ದೀನಿ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡೋ ನಮ್ಮವರು ಯಾರಾದ್ರೂ ಇದನ್ನ ಓದ್ತಿದ್ರೆ ಇನ್‌ಬಾಕ್ಸ್‌ಗೆ ಬನ್ನಿ, ಯಾವ ಅರ್ಜಿ, ಎಷ್ಟು ಫೀಸು ಅಂತ ತಿಳಿಸಿ. ಗಣಿತ ಹೇಳಿಕೊಡೋ ಮೇಷ್ಟ್ರು ಚಿತ್ರದುರ್ಗದಲ್ಲಿ ಇದ್ರೂ ಹೇಳಿ. ಅವನಿಗೆ ಶೋರೂಂ ಬಿಡೋದು ರಾತ್ರಿ ಎಂಟಕ್ಕೆ.

ಜೈ ಭೀಮ್.